ನೀನು ಬರೆಯದೆ ಬಿಟ್ಟ ಎರಡು ವರ್ಷ

ಪ್ರೀತಿಯ ತಂಗಿಗೆ,

ನಿನ್ನ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಉಪ್ಪಿನ ಆಗರದಲ್ಲಿ ದುಡಿಯುವ ಹುಡುಗಿಯೊಬ್ಬಳು ಕಾಲಾಳಾಗಿ ದಂಡಿಗೆ ಸೇರುವ ಕಥೆಯನ್ನು ಕನ್ನಡದಲ್ಲಿ ಫ್ಯಾಂಟಸಿಯಾಗಿ ಬರೆಯಲು ಹೊರಟಿದ್ದೀಯಲ್ಲ, ಅದೇ ನನಗೆ ದೊಡ್ಡ ಸಂತೋಷ. ಮೊದಲ ಮೂರು ಅಧ್ಯಾಯಗಳು ನನ್ನನ್ನು ಹಿಡಿದಿಟ್ಟವು. ಪಾತಿಗಳಲ್ಲಿ ನೀರು ಆರಿ ಉಪ್ಪು ಕಟ್ಟುವುದು, ಹಿಮ್ಮಡಿಯ ಬಿರುಕಿಗೆ ಉಪ್ಪುನೀರು ತಾಗಿದಾಗಿನ ಉರಿ, ಮದುವೆಯ ಮಾತು ಮುಗಿದ ರಾತ್ರಿ ಅವಳು ಮನೆ ಬಿಡುವ ರೀತಿ, ಇವೆಲ್ಲ ಕಣ್ಣಾರೆ ಕಂಡವಳು ಬರೆದಂತಿವೆ.

ನಾಲ್ಕನೆಯ ಅಧ್ಯಾಯ ಹೀಗೆ ಆರಂಭವಾಗುತ್ತದೆ: ‘ಎರಡು ವರ್ಷ ಕಳೆದವು. ಈಗ ಇಡೀ ದಂಡಿನಲ್ಲಿ ಅವಳನ್ನು ಸೋಲಿಸುವ ಕತ್ತಿ ಇರಲಿಲ್ಲ.’ ಅಲ್ಲಿಂದ ಮುಂದೆ ಅವಳು ನನಗೆ ಪರಕೀಯಳಾದಳು. ಯಾವ ಎರಡು ವರ್ಷಗಳನ್ನು ನೀನು ಒಂದು ಸಾಲಿನಲ್ಲಿ ದಾಟಿಬಿಟ್ಟೆಯೋ ಅವೇ ನಿನ್ನ ಕಾದಂಬರಿ. ಹುಡುಗಿಯೊಬ್ಬಳು ಸೈನಿಕಳಾಗುವ ಕಥೆ ಎಂದು ಹೇಳಿ, ಆಗುವುದನ್ನೇ ತೋರಿಸದಿದ್ದರೆ ಓದುವವರಿಗೆ ಸಿಗುವುದು ಮನೆ ಬಿಟ್ಟ ಹುಡುಗಿ ಮತ್ತು ಯುದ್ಧ ಗೆದ್ದ ವೀರೆ; ಇಬ್ಬರ ನಡುವೆ ಸಂಬಂಧವೇ ಇಲ್ಲ.

2021ರ ಮೇ ತಿಂಗಳಲ್ಲಿ ಬೆಂಗಳೂರಿನ ಸೇನಾ ಪೊಲೀಸ್ ತರಬೇತಿ ಕೇಂದ್ರದಿಂದ 83 ಹೆಣ್ಣುಮಕ್ಕಳು ಸೈನಿಕರಾಗಿ ಹೊರಬಂದರು. 1992ರಿಂದಲೇ ಮಹಿಳೆಯರು ನಮ್ಮ ಭೂಸೇನೆಯ ಬೇರೆ ಬೇರೆ ವಿಭಾಗಗಳಿಗೆ ಅಧಿಕಾರಿಗಳಾಗಿ ಸೇರುತ್ತಿದ್ದರೂ, ಜವಾನರ ಸಾಲಿನಲ್ಲಿ ನಿಂತ ಮೊದಲ ತಂಡ ಇದು. ಅವರ ತರಬೇತಿ ನಡೆದದ್ದು 61 ವಾರ. ಪತ್ರಿಕೆಗಳಲ್ಲಿ ಬಂದದ್ದು ಪಥಸಂಚಲನದ ಒಂದು ಚಿತ್ರ. ಕಾದಂಬರಿಕಾರ್ತಿಯ ಕಣ್ಣು ಆ ಚಿತ್ರದ ಮೇಲಲ್ಲ, ಹಿಂದಿನ 61 ವಾರಗಳ ಮೇಲೆ ಬೀಳಬೇಕು. ಮೊದಲ ವಾರ ಯಾರು ಮನೆಗೆ ಹೋಗುತ್ತೇನೆ ಎಂದು ಅತ್ತಳು? ಇಪ್ಪತ್ತನೆಯ ವಾರ ಉಸ್ತಾದರ ಕೂಗು ಯಾರ ಕಿವಿಗೆ ಕೂಗಾಗಿ ಕೇಳಿಸುವುದು ನಿಂತುಹೋಯಿತು? ಐವತ್ತನೆಯ ವಾರ ಯಾರು ಪಕ್ಕದವಳ ಬೂಟಿನ ಸದ್ದಿನಿಂದಲೇ ಅವಳಿಗೆ ಸುಸ್ತಾಗಿದೆ ಎಂದು ತಿಳಿದಳು? ಇದನ್ನೆಲ್ಲ ಯಾವ ವರದಿಗಾರರೂ ಬರೆಯುವುದಿಲ್ಲ. ನೀನು ಬರೆಯಬಲ್ಲೆ.

ಕತ್ತಿ, ಗುರಾಣಿಯ ಲೋಕ ನಿನ್ನದು, ಅಲ್ಲಿ ರೈಫಲ್ ಇಲ್ಲ. ಅದಕ್ಕೂ ದಾಖಲೆಗಳಿವೆ. ರೋಮ್ ಸಾಮ್ರಾಜ್ಯದ ಕೊನೆಗಾಲದ ಲೇಖಕ ವೆಜಿಟಿಯಸ್, ಹಳೆಯ ರೋಮನ್ನರು ಹೊಸಬರನ್ನು ಪಳಗಿಸುತ್ತಿದ್ದ ಬಗೆಯನ್ನು ವಿವರವಾಗಿ ಹೇಳುತ್ತಾನೆ. ಮೊದಲು ಕಲಿಸುತ್ತಿದ್ದದ್ದು ಕತ್ತಿಯಲ್ಲ, ನಡಿಗೆ. ಬೇಸಿಗೆಯ ಐದು ತಾಸಿನಲ್ಲಿ 20 ರೋಮನ್ ಮೈಲಿ, ಅಂದರೆ ಸುಮಾರು 30 ಕಿಲೋಮೀಟರ್, ಹೆಜ್ಜೆ ತಪ್ಪದೆ ನಡೆಯಬೇಕು. ಆಮೇಲೆ ಆರಡಿಯ ಕಂಬವೊಂದನ್ನು ನೆಟ್ಟು, ಅದನ್ನೇ ಶತ್ರು ಎಂದುಕೊಂಡು ಹೊಡೆಯಬೇಕು. ಕೈಗೆ ಕೊಡುವ ಮರದ ಕತ್ತಿ ನಿಜವಾದದ್ದಕ್ಕಿಂತ ಎರಡು ಪಟ್ಟು ತೂಕ, ಹೆಣೆದ ಗುರಾಣಿಯೂ ಹಾಗೆಯೇ. ಬೀಸಿ ಕಡಿಯಬೇಡ, ತಿವಿ ಎಂದು ಕಲಿಸುತ್ತಿದ್ದರಂತೆ. ಬೀಸುವವನ ಪಕ್ಕೆ ಬಯಲಾಗುತ್ತದೆ, ತಿವಿಯುವವನದು ಗುರಾಣಿಯ ಮರೆಯಲ್ಲೇ ಉಳಿಯುತ್ತದೆ. ನಿನ್ನ ನಾಯಕಿ ಹನ್ನೊಂದನೆಯ ಅಧ್ಯಾಯದಲ್ಲಿ ಎರಡು ಕೈಯಲ್ಲಿ ಎರಡು ಕತ್ತಿ ಹಿಡಿದು ಸುತ್ತುತ್ತಾಳೆ. ಸಾಲಿನಲ್ಲಿ ನಿಂತ ಕಾಲಾಳು ಹಾಗೆ ಸುತ್ತಿದರೆ ಮೊದಲು ಗಾಯವಾಗುವುದು ಪಕ್ಕದವಳಿಗೆ. ಆ ಪಕ್ಕದವಳಿಗೆ ನಿನ್ನ ಹಸ್ತಪ್ರತಿಯಲ್ಲಿ ಮುಖವಿಲ್ಲ, ಊರಿಲ್ಲ, ದನಿಯಿಲ್ಲ. ನನಗೆ ಅತ್ಯಂತ ನೋವಾದದ್ದು ಅಲ್ಲೇ.

ರೋಮನ್ ದಂಡಿನಲ್ಲಿ ಎಂಟು ಜನ ಒಂದು ಡೇರೆಯಲ್ಲಿ ಮಲಗುತ್ತಿದ್ದರು, ಒಟ್ಟಿಗೆ ಬೇಯಿಸಿಕೊಂಡು ಉಣ್ಣುತ್ತಿದ್ದರು. ನಿನ್ನ ಹುಡುಗಿಗೂ ಅಂಥ ಏಳು ಜನರನ್ನು ಕೊಡು. ಅವರಲ್ಲಿ ಒಬ್ಬಳು ಕದಿಯಲಿ. ಒಬ್ಬ ಗಂಡಸು ಹೆಣ್ಣಿನ ಪಕ್ಕ ನಿಲ್ಲುವುದಿಲ್ಲ ಎಂದು ಹಟ ಹಿಡಿಯಲಿ, ಮತ್ತು ಅವನು ಕೆಟ್ಟವನಾಗದಿರಲಿ. ಸೈನಿಕರು ಸಾಲು ಬಿಟ್ಟು ಓಡದೆ ನಿಲ್ಲುವುದು ಧ್ವಜಕ್ಕಾಗಿ ಎನ್ನುವುದಕ್ಕಿಂತ ಹೆಚ್ಚಾಗಿ ಎಡಬಲದಲ್ಲಿರುವವರಿಗಾಗಿ. ಅವಳು ಸೈನಿಕಳಾದಳು ಎಂದು ನಾನು ನಂಬುವುದು ಅವಳು ಉಸ್ತಾದನನ್ನು ಸೋಲಿಸಿದಾಗ ಅಲ್ಲ. ತನಗೆ ಇಷ್ಟವಿಲ್ಲದವನ ಪಕ್ಕೆಯನ್ನು ತನ್ನ ಗುರಾಣಿಯಿಂದ ಯೋಚಿಸದೆ ಮುಚ್ಚಿದಾಗ.

ಅವಳ ದೇಹವನ್ನು ನೀನು ಆಗರದಲ್ಲೇ ಬಿಟ್ಟು ಬಂದಿದ್ದೀಯ. ಮೊದಲ ಅಧ್ಯಾಯಗಳಲ್ಲಿ ಅವಳಿಗೆ ಹಿಮ್ಮಡಿ ಇತ್ತು, ಬೆನ್ನು ಇತ್ತು, ಹಸಿವು ಇತ್ತು. ದಂಡಿನಲ್ಲಿ ಅವಳಿಗೆ ಮುಟ್ಟೂ ಆಗುವುದಿಲ್ಲ, ಕಾಲಿನಲ್ಲಿ ಗುಳ್ಳೆಯೂ ಏಳುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಪೂರ್ತಿ ಹೆಣ್ಣುಮಕ್ಕಳದೇ ಆದ ರಾತ್ರಿ ಬಾಂಬರ್ ಪಡೆಯೊಂದನ್ನು ಕಟ್ಟಿತು, 588ನೇ ರೆಜಿಮೆಂಟ್. ಅವರಿಗೆ ಮೊದಲು ಸಿಕ್ಕಿದ್ದು ಗಂಡಸರ ಸಮವಸ್ತ್ರ. ಬೂಟುಗಳು ಎಷ್ಟು ದೊಡ್ಡವೆಂದರೆ ಒಳಗೆ ಬಟ್ಟೆ, ಕಾಗದ ತುರುಕಿಕೊಂಡು ಹಾಕಿಕೊಳ್ಳಬೇಕಿತ್ತು. ಮರ ಮತ್ತು ಬಟ್ಟೆಯ ಹಳೆಯ ವಿಮಾನಗಳಲ್ಲಿ ಒಂದೇ ರಾತ್ರಿ ಮತ್ತೆ ಮತ್ತೆ ಹಾರುತ್ತಿದ್ದವರನ್ನು ಎಲ್ಲರೂ ನೆನೆಯುತ್ತಾರೆ. ಕತ್ತಲಲ್ಲಿ, ಚಳಿಯಲ್ಲಿ ಬರಿಗೈಯಿಂದ ಬಾಂಬುಗಳನ್ನು ಎತ್ತಿ ಕಟ್ಟುತ್ತಿದ್ದ ಹುಡುಗಿಯರನ್ನು ನೆನೆಯುವವರು ಕಡಿಮೆ. 1806ರಲ್ಲಿ ಗಂಡುಡುಗೆ ತೊಟ್ಟು ಮನೆ ಬಿಟ್ಟು, ರಷ್ಯಾದ ಅಶ್ವದಳ ಸೇರಿದ ನದೇಝ್ದಾ ದುರೋವಾ ಭಾರವಾದ ಭರ್ಜಿಯನ್ನು ತಿರುಗಿಸಿ ತನ್ನ ತೋಳು ಸೋತುಹೋಗುತ್ತಿದ್ದುದನ್ನು ತಾನೇ ಬರೆದುಕೊಂಡಿದ್ದಾಳೆ. ಮುಂದೆ ಶೌರ್ಯದ ಪದಕ ಪಡೆದವಳ ಮಾತು ಅದು.

ಉಪ್ಪಿನ ಬುಟ್ಟಿ ಹೊತ್ತ ನಿನ್ನ ಹುಡುಗಿಯ ಕುತ್ತಿಗೆ, ಬೆನ್ನು ಈಗಾಗಲೇ ಗಟ್ಟಿ. ಬಿಸಿಲಿನಲ್ಲಿ ದಿನವಿಡೀ ಬಗ್ಗಿ ಕೆಲಸ ಮಾಡುವುದು ಗೊತ್ತು. ಗಾಳಿ ನೋಡಿ ಮಳೆ ಹೇಳಬಲ್ಲಳು. ಆದರೆ ಸಾಲಿನಲ್ಲಿ ನಡೆಯುವುದು, ಇನ್ನೊಬ್ಬರ ಅಪ್ಪಣೆಗೆ ನಿಲ್ಲುವುದು, ಕೋಪವನ್ನು ನುಂಗುವುದು ಗೊತ್ತಿಲ್ಲ. ಅವಳು ಏನು ಹೊತ್ತು ತಂದಳು, ಏನು ಕಲಿಯಬೇಕಾಯಿತು, ಏನನ್ನು ಬಿಡಬೇಕಾಯಿತು ಎಂಬ ಮೂರೂ ಆ ಎರಡು ವರ್ಷಗಳಲ್ಲಿ ಬರಲಿ.

ನಮ್ಮ ಜನಕ್ಕೆ ಯುದ್ಧ ಮಾಡಿದ ಹೆಣ್ಣು ಹೊಸಬಳಲ್ಲ. ಅಬ್ಬಕ್ಕ, ಕೆಳದಿಯ ಚೆನ್ನಮ್ಮ, ಕಿತ್ತೂರಿನ ಚೆನ್ನಮ್ಮ ಎಲ್ಲರೂ ಶಾಲೆಯ ಗೋಡೆಗಳ ಮೇಲಿದ್ದಾರೆ. ಅವರು ರಾಣಿಯರು, ಅವರು ಅಪ್ಪಣೆ ಕೊಟ್ಟವರು, ಪಾಲಿಸಿದವರಲ್ಲ. ಚಿತ್ರದುರ್ಗದ ಓಬವ್ವ ಮಾತ್ರ ಕಾವಲುಗಾರನ ಹೆಂಡತಿ. ಗಂಡ ಊಟಕ್ಕೆ ಕುಳಿತಾಗ ನೀರಿಗೆಂದು ಹೋದವಳು, ಹೈದರಾಲಿಯ ಸೈನಿಕರು ಕಿಂಡಿಯಿಂದ ನುಸುಳುವುದನ್ನು ಕಂಡು ಒನಕೆ ಹಿಡಿದು ನಿಂತಳು ಎಂದು ನಾಡು ಹೇಳುತ್ತದೆ. ಆ ಧೈರ್ಯಕ್ಕೆ ನನ್ನ ತಲೆ ಬಾಗುತ್ತದೆ. ಆದರೂ ಕಥೆಗಾರ್ತಿಯಾಗಿ ಒಂದು ವ್ಯತ್ಯಾಸವನ್ನು ನೀನು ಗಮನಿಸಬೇಕು. ಓಬವ್ವ ಒಂದು ಗಳಿಗೆಯಲ್ಲಿ ಎದ್ದುನಿಂತವಳು. ಸೈನಿಕಳು ಯಾರೂ ಬಾರದ ಕಿಂಡಿಯ ಮುಂದೆ ನೂರು ರಾತ್ರಿ ನಿದ್ದೆಗೆಡುವವಳು. ಅವಳ ಕಥೆ ನಮ್ಮಲ್ಲಿ ತೀರಾ ಕಡಿಮೆ. ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗೂ ಹತ್ತನೆಯ ಶತಮಾನದಲ್ಲಿ ಆತಕೂರಿನಲ್ಲಿ ಕಲ್ಲು ನೆಟ್ಟ ನಾಡು ಇದು. ಕಾಲಾಳಾದ ಹೆಣ್ಣೊಬ್ಬಳಿಗೆ ಇಲ್ಲಿ ಕಾದಂಬರಿ ಸಲ್ಲಬೇಕು ಎಂದು ನನಗೆ ಗಾಢವಾಗಿ ಅನ್ನಿಸುತ್ತದೆ.

ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನಲ್ಲಿ 1943ರಲ್ಲಿ ಸಿಂಗಪುರದಲ್ಲಿ ಕಟ್ಟಿದ, ಕ್ಯಾಪ್ಟನ್ ಲಕ್ಷ್ಮಿ ಮುನ್ನಡೆಸಿದ ಹೆಣ್ಣುಮಕ್ಕಳ ಪಡೆ ಝಾನ್ಸಿ ರಾಣಿ ರೆಜಿಮೆಂಟಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದು. ಮಲಯಾದ ರಬ್ಬರ್ ತೋಟಗಳ ಕೂಲಿಕಾರರ ಮನೆಗಳಿಂದ ಬಂದವರು ಅದರಲ್ಲಿ ಬಹಳ. ಎಷ್ಟೋ ಜನ ಭಾರತವನ್ನು ಕಂಡವರೇ ಅಲ್ಲ. ಕಾಣದ ದೇಶಕ್ಕಾಗಿ ಕೋವಿ ಹಿಡಿಯಲು ಕಲಿತರು. ಯುದ್ಧರಂಗದಲ್ಲಿ ಕಾದುವ ಅವಕಾಶ ಅವರಿಗೆ ಸಿಗಲಿಲ್ಲ. ಸಿಕ್ಕಿದ್ದು 1945ರಲ್ಲಿ ರಂಗೂನಿನಿಂದ ಹಿಂದೆಗೆಯುವ ದಾರಿ, ವಿಮಾನ ದಾಳಿಯ ಕೆಳಗೆ, ಬಹುಪಾಲು ಕಾಲ್ನಡಿಗೆಯಲ್ಲಿ. ನಿನ್ನ ಹಸ್ತಪ್ರತಿಯಲ್ಲಿ ಮೂರು ಗೆಲುವುಗಳಿವೆ, ಒಂದೂ ಹಿಮ್ಮೆಟ್ಟುವಿಕೆ ಇಲ್ಲ. ಶಿಸ್ತಿನ ನಿಜವಾದ ಪರೀಕ್ಷೆ ಸೋತು ನಡೆಯುವಾಗ. ಒಂದು ಗೆಲುವನ್ನು ಕಿತ್ತು ಅಲ್ಲಿ ಹಿಮ್ಮೆಟ್ಟುವಿಕೆಯೊಂದನ್ನು ಇಡು.

ಮಾಯೆಯ ವಿಷಯ. ನಿನ್ನ ಬೆಂಕಿ ಕರೆಯುವ ಮಾಂತ್ರಿಕರು ಕಣ್ಣಿಗೆ ಕಟ್ಟುತ್ತಾರೆ, ಆದರೆ ಅವರು ಏನು ತಿನ್ನುತ್ತಾರೆ, ಯಾರ ಕಾವಲಿನಲ್ಲಿ ಮಲಗುತ್ತಾರೆ, ಬೆಂಕಿ ಕರೆದ ಮೇಲೆ ಎಷ್ಟು ದಿನ ಏಳಲಾರರು? ದಂಡು ಎಂದರೆ ಹೊಟ್ಟೆ. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯ ಕಾಳಗದಲ್ಲಿ ಮೇಲುಗೈ ಪಡೆದೂ ಹಿಂದಿರುಗಬೇಕಾಯಿತು. ಎತ್ತುಗಳು ಸತ್ತು, ಧಾನ್ಯ ತೀರಿ, ಎಳೆಯಲಾಗದ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹೋದ. ಇತ್ತ ಹೈದರ್, ಟಿಪ್ಪುವಿನ ದಂಡು ಬೇಗ ಚಲಿಸಲು ಅಮೃತಮಹಲ್ ಎತ್ತುಗಳು ಕಾರಣವಾಗಿದ್ದವು. ದಕ್ಖನ್ನಿನಲ್ಲಿ ಕಾದಿದ ದಂಡುಗಳಿಗೆ ಹೇರೆತ್ತಿನ ಮೇಲೆ ಧಾನ್ಯ ತರುತ್ತಿದ್ದವರು ಬಂಜಾರರು. ಒಬ್ಬ ಮಾಂತ್ರಿಕ ಇಪ್ಪತ್ತು ಎತ್ತಿನ ಮೇವಿಗೆ ಸಮನಾದದ್ದನ್ನು ಬಯಸಿದರೆ ದಳವಾಯಿ ಅವನನ್ನು ಕರೆದೊಯ್ಯುತ್ತಾನೆಯೇ? ಈ ಲೆಕ್ಕ ಬಂದ ಕ್ಷಣ ನಿನ್ನ ಮಾಯೆ ನಿಜವಾಗುತ್ತದೆ. ಮತ್ತೆ, ಉಪ್ಪಿನ ಹುಡುಗಿಗೆ ದಂಡಿನಲ್ಲಿ ಉಪ್ಪಿನ ಬೆಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕಲ್ಲವೇ? ಅದನ್ನೇಕೆ ಬಳಸಲಿಲ್ಲ?

ಇನ್ನು ಅಪ್ಪಣೆ ಮೀರುವ ಪ್ರಸಂಗ. ದಳವಾಯಿ ಹಳ್ಳಿಯನ್ನು ಸುಡಲು ಹೇಳುತ್ತಾನೆ, ಇವಳು ಆಗುವುದಿಲ್ಲ ಎನ್ನುತ್ತಾಳೆ, ಇಡೀ ದಂಡು ಜಯಕಾರ ಹಾಕುತ್ತದೆ. ಇಷ್ಟು ಸುಲಭವಾಗಿ ಕೊಡಬೇಡ. ನಮ್ಮ ಹಳೆಯ ಸೈನಿಕಧರ್ಮದಲ್ಲಿ ಜೋಳವಾಳಿ ಇತ್ತು, ಉಂಡ ಅನ್ನದ ಋಣಕ್ಕೆ ಕಾದಿ ಸಾಯುವುದು. ವೇಳೆವಾಳಿ ಇತ್ತು, ಒಡೆಯ ಸತ್ತರೆ ತಾನೂ ಸಾಯುವ ಮಾತು ಕೊಡುವುದು. ಹಳೇಬೀಡಿಗೆ ಹೋದಾಗ ಶಿಲ್ಪಗಳನ್ನಷ್ಟೇ ನೋಡಿ ಬರಬೇಡ. ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬದ ಮುಂದೆ ನಿಲ್ಲು. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಸಾವಿನೊಡನೆ ಪ್ರಾಣ ಬಿಟ್ಟ ದಂಡನಾಯಕ ಕುವರ ಲಕ್ಷ್ಮ, ಲಕ್ಷ್ಮನ ಹೆಂಡತಿ ಸುಗ್ಗಲದೇವಿ, ಅವನ ಜೊತೆಯವರ ನೆನಪಿನ ಕಂಬ ಅದು. ತನ್ನ ತಲೆಯನ್ನು ತಾನೇ ಕೊಡುವ ವೀರರನ್ನು ಅಲ್ಲಿ ಕೆತ್ತಿದ್ದಾರೆ. ನನಗೆ ಅದರ ಮುಂದೆ ಭಯವೂ ಗೌರವವೂ ಒಟ್ಟಿಗೆ ಬರುತ್ತವೆ. ಕೊಟ್ಟ ಮಾತಿಗೆ ಇಷ್ಟು ಬೆಲೆ ಇರುವ ಲೋಕದಲ್ಲಿ ನಿನ್ನ ಹುಡುಗಿ ಮಾತು ಮುರಿಯುತ್ತಾಳೆ. ಎರಡು ವರ್ಷ ಅವಳಿಗೆ ಅನ್ನ ಹಾಕಿದವನು, ಅವಳನ್ನು ಮನುಷ್ಯಳಂತೆ ಕಂಡ ಮೊದಲಿಗ ಆ ದಳವಾಯಿಯೇ ಆಗಿದ್ದರೆ? ಅವಳು ಬೇಡ ಎಂದಾಗ ಅವಳ ಡೇರೆಯ ಏಳು ಜನರಲ್ಲಿ ಐವರು ಪಂಜು ಹಿಡಿದು ಹೊರಟರೆ? ಅವಳ ನಿರಾಕರಣೆ ಸರಿಯೇ, ಅದನ್ನು ಬದಲಿಸಬೇಡ. ಅದಕ್ಕೆ ಅವಳು ತೆರುವ ಬೆಲೆಯನ್ನು ಮಾತ್ರ ಮುಚ್ಚಿಡಬೇಡ.

ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ. ಐದನೆಯ ಅಧ್ಯಾಯದಲ್ಲಿ ಅವಳ ಮೇಲೆ ನಡೆಯುವ ಅತ್ಯಾಚಾರವನ್ನು ತೆಗೆದುಹಾಕು. ಅವಳಿಗೆ ಯುದ್ಧದ ಕಾರಣ ಕೊಡಲೆಂದು ಅದನ್ನು ತಂದಿದ್ದೀಯ. ಎರಡು ಪುಟದ ನಂತರ ಅವಳೂ ನೀನೂ ಅದನ್ನು ಮರೆತಿದ್ದೀರಿ. ಯುದ್ಧದಲ್ಲಿ ಅಂಥದ್ದು ನಡೆಯುತ್ತದೆ, ಬರೆಯಬಾರದೆಂದಲ್ಲ. ಬರೆದರೆ ಅದರ ಜೊತೆ ಕೊನೆಯವರೆಗೂ ಬದುಕಬೇಕು. ಗಂಡು ನಾಯಕನೊಬ್ಬ ಸೈನಿಕನಾಗಲು ಹೊಟ್ಟೆಪಾಡು, ಕುತೂಹಲ, ಊರು ಬಿಡುವ ಆಸೆ ಸಾಕು. ಇವಳಿಗೂ ಸಾಕು. ಮೊದಲ ಅಧ್ಯಾಯದಲ್ಲೇ ಅವಳು ದಂಡು ಹೋಗುವ ದಾರಿಯನ್ನು ನೋಡುತ್ತಾ ಬುಟ್ಟಿ ಇಳಿಸದೆ ನಿಲ್ಲುತ್ತಾಳಲ್ಲ, ಕಾರಣ ಅಲ್ಲೇ ಇದೆ.

ಈಗ ಯುದ್ಧದ ಅಧ್ಯಾಯಗಳನ್ನು ಬದಿಗಿಟ್ಟು, ಬಿಟ್ಟ ಎರಡು ವರ್ಷಗಳನ್ನು ಬರೆ. ಅವಳು ಮೊದಲ ಸಲ ಬಿಡಾರಕ್ಕೆ ಕಾಲಿಟ್ಟ ಸಂಜೆ ಅವಳಿಗೆ ಯಾರು ಊಟ ಬಡಿಸಿದರು ಎಂಬಲ್ಲಿಂದ ಶುರುಮಾಡು. ದಸರೆಯ ಹೊತ್ತಿಗೆ ಒಂದೆರಡು ಅಧ್ಯಾಯವಾದರೂ ಕಳುಹಿಸು. ಏಳು ಜನರ ಹೆಸರು, ಊರು, ಅವರವರ ಜಗಳಗಳನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡು, ನಾನು ಮೊದಲು ಅದನ್ನೇ ಓದುತ್ತೇನೆ.

ಇಂತು,
ನಿನ್ನ ಅಕ್ಕ