ಹಾಡಿನ ಅರ್ಥ ಹೇಳುವ ಮುಂಚೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ನಮ್ಮ ಈ ಹೆವಿ ಮೆಟಲ್ (ಅಬ್ಬರದ ರಾಕ್ ಸಂಗೀತ) ಗುಂಪಿನಲ್ಲಿ ಎರಡು ದಿನದಿಂದ ಹಾಡುಗಳ ಒಂದೊಂದು ಸಾಲು ಹಾಕಿ ‘ಇದು ಸೈತಾನನ ಹಾಡು’, ‘ಅಲ್ವೇ ಅಲ್ಲ’ ಅಂತ ಜಗಳ ಜೋರಾಗಿದೆ. ಅರ್ಥ ಬರೆಯುವ ಮುಂಚೆ, ಹಾಡಿನಲ್ಲಿ ಮಾತಾಡುತ್ತಿರುವುದು ಯಾರು ಅಂತ ನೋಡಿ. ಹಾಡುವವನೇ ಆಗಿರಬೇಕು ಅಂತೇನಿಲ್ಲ.

ಮೆಟಾಲಿಕಾ ಬ್ಯಾಂಡ್‌ನ ‘ಮಾಸ್ಟರ್ ಆಫ್ ಪಪೆಟ್ಸ್’ (1986) ಹಾಡು ತಗೊಳ್ಳಿ. ಅಲ್ಲಿ ಒಡೆಯನಾಗಿ ಮಾತಾಡುವುದು ಮಾದಕ ವಸ್ತು. ಕನ್ನಡಿಯ ಮೇಲೆ ತಿಂಡಿ ಕತ್ತರಿಸುವ ಸಾಲು ಇದೆಯಲ್ಲ, ಅಲ್ಲಿ ತಿಂಡಿ ಅಂದರೆ ಕೊಕೇನ್ ಪುಡಿ. ಇದು ಗೊತ್ತಾದ ಮೇಲೆ ಇಡೀ ಹಾಡೇ ಬೇರೆ ಥರ ಕೇಳಿಸುತ್ತದೆ.

ಐರನ್ ಮೇಡನ್ ಬ್ಯಾಂಡ್‌ನ ‘ರನ್ ಟು ದ ಹಿಲ್ಸ್’ (1982) ಇನ್ನೂ ಮಜಾ. ಶುರುವಿನಲ್ಲಿ ಅಮೆರಿಕದ ಮೂಲನಿವಾಸಿಗಳು ಮಾತಾಡುತ್ತಾರೆ, ಆಮೇಲೆ ಅವರನ್ನು ಬೇಟೆಯಾಡುವ ಸೈನಿಕರು. ನಡುವಿನ ಒಂದೇ ಸಾಲನ್ನು ಎತ್ತಿಕೊಂಡು ಗುಂಪಿನಲ್ಲಿ ಹಾಕಿದರೆ ಅರ್ಥ ತಲೆಕೆಳಗು.

ಅದಕ್ಕೇ, ಸಾಲು ಹಾಕುವಾಗ ಅದರ ಹಿಂದುಮುಂದಿನದನ್ನೂ ಹಾಕಿ. ‘ನನಗನಿಸಿದ್ದು’ ಯಾವುದು, ಬ್ಯಾಂಡ್‌ನವರೇ ಹೇಳಿದ್ದು ಯಾವುದು, ಬೇರೆ ಬೇರೆ ಬರೆಯಿರಿ. ಗಂಟಲು ಹರಿದು ಹಾಡುವ ಹಾಡುಗಳಿಗೆ ಸುಮ್ನೆ ಕಿವಿ ನಂಬಬೇಡಿ, ಆಲ್ಬಮ್ ಜೊತೆ ಬರುವ ಸಾಹಿತ್ಯ ನೋಡಿ. ನಾನೇ ಎರಡು ವರ್ಷ ತಪ್ಪು ಸಾಲು ಹಾಡಿಕೊಂಡು ತಿರುಗಿದ್ದೇನೆ!

ಹಾಂ, ರಾತ್ರಿ ಹನ್ನೊಂದರ ಮೇಲೆ ಕಿರುಚುವ ವಾಯ್ಸ್ ಮೆಸೇಜ್ ಬೇಡ, ಪ್ಲೀಸ್.