ಮಗಳಿಗೊಂದು ಪತ್ರ: ಚಿಲಕ ಹಾಕಿದ ಕೋಣೆ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದ. ಮೊನ್ನೆ ರಾತ್ರಿ ನಾನೂ ಅಪ್ಪನೂ ಕೂತು ‘ಅಮೂರ್’ ಅನ್ನುವ ಫ್ರೆಂಚ್ ಸಿನಿಮಾ ನೋಡಿದೆವು. ಹಾಗೆಂದರೆ ಪ್ರೀತಿ. 2012ರದು, ನಿರ್ದೇಶಕರು ಮಿಖಾಯೆಲ್ ಹಾನೆಕೆ. ಫೋನಿನಲ್ಲಿ ಹೇಳಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಜಾರ್ಜ್ ಮತ್ತು ಆನ್, ಎಂಬತ್ತು ದಾಟಿದ ಗಂಡ ಹೆಂಡತಿ. ಇಬ್ಬರೂ ಸಂಗೀತ ಪಾಠ ಹೇಳಿದವರು. ಪ್ಯಾರಿಸ್ಸಿನ ಹಳೇ ಫ್ಲ್ಯಾಟು, ಪುಸ್ತಕಗಳು, ಒಂದು ಪಿಯಾನೊ. ಕಥೆ ಹೆಚ್ಚುಕಡಿಮೆ ಆ ಮನೆಯೊಳಗೇ ನಡೆಯುತ್ತದೆ. ಒಂದು ಬೆಳಗ್ಗೆ ತಿಂಡಿ ತಿನ್ನುತ್ತಿದ್ದ ಆನ್ ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ಕೂತುಬಿಡುತ್ತಾಳೆ. ಕರೆದರೆ ಓಗೊಡುವುದಿಲ್ಲ. ಜಾರ್ಜ್ ಬಟ್ಟೆ ಒದ್ದೆ ಮಾಡಿ ಅವಳ ಮುಖ ಒರೆಸುತ್ತಾನೆ, ಗಾಬರಿಯಲ್ಲಿ ನಲ್ಲಿ ನಿಲ್ಲಿಸುವುದನ್ನೂ ಮರೆತು ಉಡುಪು ಬದಲಿಸಲು ಒಳಗೆ ಹೋಗುತ್ತಾನೆ. ಅಲ್ಲಿರುವಾಗ ನೀರಿನ ಸದ್ದು ನಿಲ್ಲುತ್ತದೆ. ಅವಳೇ ಎದ್ದು ನಿಲ್ಲಿಸಿದ್ದಾಳೆ! ನಡೆದದ್ದು ಒಂದೂ ಅವಳಿಗೆ ನೆನಪಿಲ್ಲ. ಹಿನ್ನೆಲೆ ಸಂಗೀತವಿಲ್ಲ, ಬರೀ ನಲ್ಲಿ ನೀರು. ನನ್ನ ಎದೆ ಆಗಲೇ ಝಲ್ಲೆಂದಿತ್ತು.

ಆಪರೇಷನ್ ಫಲಿಸದೆ ಅವಳ ಬಲಭಾಗ ಬಿದ್ದುಹೋಗುತ್ತದೆ. ಮತ್ತೆ ಆಸ್ಪತ್ರೆಗೆ ಸೇರಿಸಬೇಡ ಎಂದು ಗಂಡನಿಂದ ಮಾತು ತೆಗೆದುಕೊಳ್ಳುತ್ತಾಳೆ. ಆಮೇಲೆ ತುತ್ತು ತಿನ್ನಿಸುವುದು, ತಬ್ಬಿ ಹಿಡಿದು ಎಬ್ಬಿಸುವುದು, ಇಷ್ಟೇ. ಒಮ್ಮೆ ಅವಳು ನೀರು ಉಗಿದಾಗ ಅವನು ಕೆನ್ನೆಗೆ ಹೊಡೆದೂಬಿಡುತ್ತಾನೆ. ಅಪ್ಪ ಆ ಕಡೆ ಮುಖ ತಿರುಗಿಸಿದರು. ಆನ್ ಪಾತ್ರ ಮಾಡಿದ ಎಮಾನುಯೆಲ್ ರಿವಾ ಅವರಿಗೆ ಆಸ್ಕರ್ ನಾಮನಿರ್ದೇಶನ ಬಂದಾಗ 85 ವರ್ಷ. ಆ ವಯಸ್ಸಿನಲ್ಲಿ ಆ ಪಾತ್ರಕ್ಕೆ ಮೈಯೊಡ್ಡುವುದೆಂದರೆ!

ಆದರೆ ನಾನು ಬರೆಯಹೊರಟಿದ್ದು ಅವರ ಮಗಳು ಈವಾ ಬಗ್ಗೆ. ಬಂದಾಗಲೆಲ್ಲ ಅಳುತ್ತಾಳೆ, ಮುಂದೇನು ಎಂದು ಕೇಳುತ್ತಾಳೆ. ಒಮ್ಮೆ ಹೇಳದೆ ಬಂದಾಗ ಅಮ್ಮನ ಕೋಣೆಗೆ ಬೀಗ. ಇದೆಲ್ಲ ನೋಡುವಂಥದ್ದಲ್ಲ ಅನ್ನುತ್ತಾನೆ ಅಪ್ಪ.

ನಿಮ್ಮಜ್ಜಿಗೆ ಲಕ್ವ ಹೊಡೆದಾಗ ಅಜ್ಜನೂ ಹೀಗೇ ಮಾಡುತ್ತಿದ್ದರು. ಮೈ ಒರೆಸುವ ಹೊತ್ತಿಗೆ ಒಳಗಿನಿಂದ ಚಿಲಕ. ಬಿಸಿನೀರು ಹೊಸ್ತಿಲಲ್ಲಿಟ್ಟು ನಾನು ಹಿಂದೆ ಸರಿಯಬೇಕು. ಹಟ ಅಂದುಕೊಂಡಿದ್ದೆ. ಅಜ್ಜಿಯ ಮಾನ ಕಾಯುತ್ತಿದ್ದರು ಎಂದು ಈ ಸಿನಿಮಾ ನೋಡುವಾಗ ಹೊಳೆಯಿತು. ಆ ಚಿಲಕದ ಹಿಂದೆ ಅಜ್ಜ ಎಷ್ಟು ಸಲ ಒಬ್ಬರೇ ಅತ್ತರೋ.

ಕೊನೆಗೆ ಜಾರ್ಜ್ ತನ್ನ ಕೈಯಾರೆ ದಿಂಬಿಟ್ಟು ಹೆಂಡತಿಯ ಉಸಿರು ನಿಲ್ಲಿಸುತ್ತಾನೆ. ಅವನ ಸಂಕಟ ಅರ್ಥವಾಗುತ್ತದೆ, ಆದರೂ ನನಗೆ ಒಪ್ಪಲಾಗುವುದಿಲ್ಲ ಪುಟ್ಟಿ. ಇಬ್ಬರೇ ಬಾಗಿಲು ಹಾಕಿಕೊಂಡದ್ದಕ್ಕೇ ಅಲ್ಲಿಗೆ ಮುಟ್ಟಿತು ಅನ್ನಿಸುತ್ತದೆ. ಖಾಲಿ ಮನೆಯಲ್ಲಿ ಈವಾ ಒಬ್ಬಳೇ ಬಂದು ಕೂರುವಲ್ಲಿಗೆ ಸಿನಿಮಾ ಮುಗಿಯುತ್ತದೆ. ಅವಳ ಜಾಗದಲ್ಲಿ ನಿನ್ನನ್ನು ಕಂಡೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಅಪ್ಪ ಮಾತೇ ಆಡದೆ ಎದ್ದುಹೋಗಿ ಅಡುಗೆಮನೆ ನಲ್ಲಿ ನಿಂತಿದೆಯಾ ನೋಡಿ ಬಂದರು. ಬೆಳಗ್ಗೆ ಕಾಫಿ ಕುಡಿಯುತ್ತಾ ಇಬ್ಬರೂ ಮಾತಾಡಿಕೊಂಡೆವು. ನಮ್ಮಲ್ಲಿ ಯಾರು ಮೊದಲು ಹಾಸಿಗೆ ಹಿಡಿದರೂ ನಿನ್ನಿಂದ ಮುಚ್ಚಿಡುವುದಿಲ್ಲ. ಮನೆಯ ಇನ್ನೊಂದು ಕೀ ಮಾಡಿಸಿ ದೇವರ ಮನೆಯಲ್ಲಿಟ್ಟಿದ್ದೇನೆ. ಯುಗಾದಿಗೆ ಬಂದಾಗ ಮರೆಯದೆ ತೆಗೆದುಕೊಂಡು ಹೋಗು.

ನಿನ್ನ ಅಮ್ಮ