ಡೇವಿಡ್ ಬೋವಿಯ ಹಾಡು ಕೊಳ್ಳಲು ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿಯನ್ನು ಇಷ್ಟು ದಿನ ಆ್ಯಪ್‌ನಲ್ಲಿ ಕೇಳಿದ್ದಾಯ್ತು, ಇನ್ನು ದುಡ್ಡು ಕೊಟ್ಟು ನನ್ನದೇ ಅಂತ ಇಟ್ಟುಕೊಳ್ಳಬೇಕು, ಎಲ್ಲಿ ಕೊಳ್ಳಲಿ ಅಂತ ಬರೆದಿದ್ದೀಯ. ಎಲ್ಲಿ ಅನ್ನೋದು ಆಮೇಲಿನ ಮಾತು. ಯಾವುದನ್ನು ಕೊಳ್ಳೋದು ಅನ್ನೋದನ್ನು ಮೊದಲು ನೋಡೋಣ. ಒಂದೇ ಹೆಸರಿನ ಹಾಡು ಅಂಗಡಿಯಲ್ಲಿ ನಾಲ್ಕೈದು ರೂಪದಲ್ಲಿ ಇರುತ್ತೆ. ತಪ್ಪು ಆರಿಸಿದರೆ ನೀನು ಮನಸೋತ ಭಾಗವೇ ಅದರಲ್ಲಿ ಇರೋದಿಲ್ಲ.

‘ಹೀರೋಸ್’ ಹಾಡನ್ನೇ ತಗೋ. 1977ರಲ್ಲಿ, ಬರ್ಲಿನ್ ಗೋಡೆಯ ಹತ್ತಿರದ ಹಾನ್ಸಾ ಸ್ಟುಡಿಯೋದಲ್ಲಿ ರೆಕಾರ್ಡ್ ಆದದ್ದು. ನಿರ್ಮಾಪಕ ಟೋನಿ ವಿಸ್ಕೊಂಟಿ ಬೋವಿ ಹಾಡೋದಕ್ಕೆ ಮೂರು ಮೈಕ್ ಇಟ್ಟರು. ಒಂದು ಬಾಯಿಂದ ಸುಮಾರು 9 ಇಂಚು ದೂರ, ಎರಡನೆಯದು 20 ಅಡಿ, ಮೂರನೆಯದು ಹಾಲಿನ ಆ ತುದಿಗೆ, 50 ಅಡಿ. ದೂರದ ಎರಡು ಮೈಕ್‌ಗಳಿಗೂ ಗೇಟ್ ಹಾಕಿದ್ದರು. ಗೇಟ್ ಅಂದರೆ ಬಾಗಿಲು ಇದ್ದ ಹಾಗೆ: ದನಿ ಒಂದು ಮಟ್ಟ ದಾಟಿದರೆ ಮಾತ್ರ ತೆರೆದುಕೊಳ್ಳುತ್ತೆ, ಇಳಿದರೆ ಮುಚ್ಚಿಕೊಳ್ಳುತ್ತೆ. ಮೊದಲ ಚರಣಗಳಲ್ಲಿ ಬೋವಿ ಕಿವಿಯಲ್ಲಿ ಹೇಳಿದ ಹಾಗೆ ಹಾಡುವಾಗ ಹತ್ತಿರದ ಮೈಕ್ ಒಂದೇ ಕೆಲಸ ಮಾಡುತ್ತೆ. ದನಿ ಏರಿದಾಗ ಎರಡನೆಯದು ತೆರೆಯುತ್ತೆ. ಕೊನೆಗೆ ಗಂಟಲು ಹರಿಯುವ ಹಾಗೆ ಕೂಗುವಾಗ ಮೂರನೆಯದೂ ತೆರೆದು, ಇಡೀ ಹಾಲಿನ ಮಾರ್ದನಿ ಒಳಗೆ ಬರುತ್ತೆ. ಅದು ಆಮೇಲೆ ಯಂತ್ರದಲ್ಲಿ ಸೇರಿಸಿದ್ದಲ್ಲ, ಆ ಕೋಣೆಯ ಗಾಳಿಯದೇ ಸದ್ದು. ಹಾಡು ಬೆಳೆದಂತೆ ಗೋಡೆಗಳೇ ಹಿಂದೆ ಸರಿದ ಹಾಗೆ ನಿನಗೆ ಅನಿಸಿತ್ತಲ್ಲ, ಕಾರಣ ಇದು.

ಆಲ್ಬಮ್‌ನಲ್ಲಿ ಈ ಹಾಡು ಆರು ನಿಮಿಷದ ಮೇಲಿದೆ. ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡ್ ಆಗಿ ಬಂದದ್ದು ಸುಮಾರು ಮೂರೂವರೆ ನಿಮಿಷ. ರೇಡಿಯೋಗೆ ಹೊಂದಲಿ ಅಂತ ಕತ್ತರಿಸಿದ್ದು ಮೊದಲ ಭಾಗವನ್ನೇ, ಅಂದರೆ ಆ ಮೆಲುದನಿಯ ಚರಣಗಳನ್ನೇ. ಬಾಗಿಲು ಮುಚ್ಚಿದ್ದು ಕೇಳದೆ ತೆರೆದದ್ದು ಗೊತ್ತಾಗೋದು ಹೇಗೆ? ಹಿಟ್ ಹಾಡುಗಳ ಸಂಗ್ರಹಗಳಲ್ಲಿ ಬಹಳ ಸಲ ಈ ಕತ್ತರಿಸಿದ ರೂಪವೇ ಇರುತ್ತೆ. ಆದ್ದರಿಂದ ಬೆಲೆ ನೋಡುವ ಮೊದಲು ಹಾಡಿನ ಮುಂದೆ ಬರೆದಿರುವ ನಿಮಿಷ ನೋಡು.

ಆಮೇಲೆ ಮಾಸ್ಟರ್ ಯಾವುದು ಅಂತ ನೋಡು. ಮಾಸ್ಟರ್ ಅಂದರೆ ಹೊರಬಿಡುವ ಮುನ್ನ ಸದ್ದನ್ನು ಹದ ಮಾಡಿದ ಕೊನೆಯ ಪ್ರತಿ, ರೀಮಾಸ್ಟರ್ ಅಂದರೆ ಅದನ್ನೇ ಮತ್ತೆ ಹದ ಮಾಡಿದ್ದು. ಇವತ್ತು ಅಂಗಡಿಗಳಲ್ಲಿ ಹೆಚ್ಚಾಗಿ ಸಿಗೋದು 2017ರ ರೀಮಾಸ್ಟರ್. ಅದು ಮೊದಲು ಬಾಕ್ಸ್ ಸೆಟ್ ಆಗಿ ಹೊರಬಂದಾಗ ಇದೇ ಹಾಡಿನ ನಡುವೆ ಸದ್ದು ಇದ್ದಕ್ಕಿದ್ದಂತೆ ಕುಸಿಯುತ್ತಿತ್ತು. ಕೇಳುಗರು ಗಲಾಟೆ ಮಾಡಿದ ಮೇಲೆ ಪಾರ್ಲೋಫೋನ್ ಕಂಪನಿ ತಿದ್ದಿದ ಡಿಸ್ಕ್‌ಗಳನ್ನು ಬದಲಿಗೆ ಕೊಟ್ಟಿತು. ನಿನ್ನ ಕೈಗೆ ಬಂದದ್ದು ಯಾವುದು ಅಂತ ತಿಳಿಯೋದು ಸುಲಭ. ಅಡಾಸಿಟಿ ಅನ್ನೋ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆ. ಅಲೆಯ ಚಿತ್ರ ನಡುವೆ ಎಲ್ಲಾದರೂ ಮೆಟ್ಟಿಲಿನ ಹಾಗೆ ತಟ್ಟನೆ ಕೆಳಗಿಳಿದಿದ್ದರೆ ಅದು ಹಳೆಯ ತಪ್ಪು ಪ್ರತಿ.

ಇಷ್ಟು ಕೂಲಂಕಷವಾಗಿ ಯಾಕೆ ನೋಡಬೇಕು ಅಂತ ನೀನು ಕೇಳಬಹುದು. ಬೋವಿಯ ಪ್ರಭಾವ ಇರೋದೇ ಇಂಥ ಸೂಕ್ಷ್ಮಗಳಲ್ಲಿ ಮಾರಾಯ. ಅದೇ 1977ರ ‘ಲೋ’ ಆಲ್ಬಮ್‌ನಲ್ಲಿ ಸ್ನೇರ್ ಡ್ರಮ್ಮಿನ ಏಟು ಬಿದ್ದ ಕೂಡಲೇ ಅದರ ಸ್ವರ ಜಾರಿ ಕೆಳಗಿಳಿಯುತ್ತೆ. ವಿಸ್ಕೊಂಟಿ ಅದನ್ನು ಆಗಷ್ಟೇ ಬಂದಿದ್ದ, ಸ್ವರವನ್ನು ಏರಿಸಿ ಇಳಿಸುವ ಈವೆಂಟೈಡ್ ಹಾರ್ಮೊನೈಜರ್ ಅನ್ನೋ ಯಂತ್ರದ ಮೂಲಕ ಹಾಯಿಸಿದ್ದರು. ಆ ಆಲ್ಬಮ್‌ನ ‘ವಾರ್ಸಾವಾ’ ಕೇಳಿ ಮ್ಯಾಂಚೆಸ್ಟರ್ ಕಡೆಯ ನಾಲ್ವರು ಹುಡುಗರು ತಮ್ಮ ತಂಡಕ್ಕೆ ವಾರ್ಸಾ ಅಂತ ಹೆಸರಿಟ್ಟರು. ಅವರೇ ಮುಂದೆ ಜಾಯ್ ಡಿವಿಷನ್ ಆದರು. ಪಂಡಿತ್ ರವಿಶಂಕರ್ ಜೊತೆ ಕೆಲಸ ಮಾಡಿದ್ದ ಅಮೆರಿಕದ ಸಂಗೀತ ರಚನೆಕಾರ ಫಿಲಿಪ್ ಗ್ಲಾಸ್ 1992ರಲ್ಲಿ ಇದೇ ‘ಲೋ’ ಮೇಲೆ ಒಂದು ಸಿಂಫನಿಯನ್ನೇ ಬರೆದರು. 1993ರಲ್ಲಿ ಅಮೆರಿಕದ ನಿರ್ವಾಣ ತಂಡ ಬೋವಿಯ ‘ದ ಮ್ಯಾನ್ ಹೂ ಸೋಲ್ಡ್ ದ ವರ್ಲ್ಡ್’ ಹಾಡಿದ ಮೇಲೆ, ಅದು ಅವರದೇ ಹಾಡು ಅಂದುಕೊಂಡವರಿಗೆ ಲೆಕ್ಕವಿಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಬೋವಿಯ 80,000ಕ್ಕೂ ಹೆಚ್ಚು ವಸ್ತುಗಳು ಸೇರಿವೆ. ಆದರೆ ಒಂದು ಡ್ರಮ್ ಏಟಿನ ಜಾರುವ ಸ್ವರ ನಿನಗೆ ಸಿಗೋದು ಫೈಲ್‌ನಲ್ಲೇ, ಅದೂ ಒಳ್ಳೆಯ ಫೈಲ್‌ನಲ್ಲಿ.

ಹಾಡನ್ನು ಇಂಟರ್ನೆಟ್‌ನಲ್ಲಿ ಮಾರೋದರಲ್ಲೂ ಬೋವಿ ಮೊದಲಿಗರಲ್ಲಿ ಒಬ್ಬರು. 1996ರಲ್ಲೇ ‘ಟೆಲ್ಲಿಂಗ್ ಲೈಸ್’ ಹಾಡನ್ನು ಡೌನ್‌ಲೋಡ್‌ಗೆ ಬಿಟ್ಟರು. 1999ರ ಸೆಪ್ಟೆಂಬರ್ 21ಕ್ಕೆ ‘ಅವರ್ಸ್’ ಆಲ್ಬಮ್ ಸಿಡಿಗಿಂತ ಎರಡು ವಾರ ಮೊದಲೇ ಡೌನ್‌ಲೋಡ್ ಆಗಿ ಮಾರಾಟಕ್ಕೆ ಬಂತು. ಆಗಿನ 56 ಕೆಬಿಪಿಎಸ್ (ಸೆಕೆಂಡಿಗೆ 56 ಸಾವಿರ ಬಿಟ್) ಡಯಲ್‌ಅಪ್‌ನಲ್ಲಿ 60 ಎಂಬಿ ಇಳಿಸೋದಕ್ಕೆ, ಲೈನ್ ಒಮ್ಮೆಯೂ ಕಡಿಯದಿದ್ದರೂ, ಎರಡು ಗಂಟೆ ಇಪ್ಪತ್ತು ನಿಮಿಷ ಬೇಕಿತ್ತು. ಅದಕ್ಕೂ ಎರಡು ವರ್ಷ ಮುಂಚೆ, 1997ರಲ್ಲಿ, ತಮ್ಮ ಹಳೆಯ ಆಲ್ಬಮ್‌ಗಳಿಂದ ಮುಂದೆ ಬರುವ ಆದಾಯವನ್ನು ಅಡವಿಟ್ಟು ಬಾಂಡ್ ಮೂಲಕ 5.5 ಕೋಟಿ ಡಾಲರ್ ಎತ್ತಿದ್ದರು. 2002ರಲ್ಲಿ ಒಂದು ಸಂದರ್ಶನದಲ್ಲಿ, ಸಂಗೀತ ಇನ್ನು ನಲ್ಲಿ ನೀರು, ಕರೆಂಟಿನ ಹಾಗೆ ಆಗಿಬಿಡುತ್ತೆ ಅಂದರು. ಆಯಿತು ಕೂಡ. ಆದರೆ ನಲ್ಲಿಯ ಕೀಲಿ ನಮ್ಮ ಕೈಲಿಲ್ಲ. ಗಗನಯಾನಿ ಕ್ರಿಸ್ ಹ್ಯಾಡ್‌ಫೀಲ್ಡ್ 2013ರಲ್ಲಿ ಬಾಹ್ಯಾಕಾಶ ನಿಲ್ದಾಣದಲ್ಲಿ ಗಿಟಾರ್ ಹಿಡಿದು ಬೋವಿಯ ‘ಸ್ಪೇಸ್ ಆಡಿಟಿ’ ಹಾಡಿದ ವಿಡಿಯೋ ನೆನಪಿದೆಯಾ? ಅನುಮತಿ ಸಿಕ್ಕಿದ್ದು ಒಂದು ವರ್ಷಕ್ಕೆ ಮಾತ್ರ. 2014ರ ಮೇ ತಿಂಗಳಲ್ಲಿ ಅದನ್ನು ತೆಗೆಯಬೇಕಾಯಿತು. ಹೊಸ ಒಪ್ಪಂದವಾಗಿ ಮರಳಿ ಬಂದದ್ದು ನವೆಂಬರ್‌ನಲ್ಲಿ.

ಅಂಗಡಿಗಳೂ ಮುಚ್ಚುತ್ತವೆ. ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಅಂತ ಎಂಪಿ3 ಅಂಗಡಿ ತೆರೆದು, 2013ರಲ್ಲಿ ಮುಚ್ಚಿತು. ಬೀಗ ಇಲ್ಲದ, ಅಂದರೆ ಕಾಪಿ ಮಾಡದಂತೆ ತಡೆಯುವ ಡಿಆರ್‌ಎಂ ಇಲ್ಲದ ಎಂಪಿ3 ಆಗಿದ್ದರಿಂದ, ಇಳಿಸಿಟ್ಟುಕೊಂಡವರ ಹಾಡುಗಳು ಇವತ್ತಿಗೂ ಹಾಡುತ್ತವೆ. ಆದ್ದರಿಂದ ‘ಕೊಳ್ಳು’ ಅನ್ನೋ ಬಟನ್ ಒತ್ತುವ ಮೊದಲು ನೋಡಬೇಕಾದದ್ದು ಇದೇ: ಬೀಗವಿಲ್ಲದ ಫೈಲ್ ಕಂಪ್ಯೂಟರ್‌ಗೆ ಇಳಿಯುತ್ತಾ, ಇಲ್ಲವಾ? ಚಂದಾ ಕಟ್ಟಿ ಆ್ಯಪ್ ಒಳಗೆ ಡೌನ್‌ಲೋಡ್ ಮಾಡಿಕೊಂಡದ್ದು ನಿನ್ನದಲ್ಲ. ಚಂದಾ ನಿಂತ ದಿನ ಅದೂ ನಿಲ್ಲುತ್ತೆ.

ಆಪಲ್‌ನ ಐಟ್ಯೂನ್ಸ್ ಸ್ಟೋರ್‌ನಲ್ಲಿ ಹಾಡು ಕೊಂಡರೆ 256 ಕೆಬಿಪಿಎಸ್ ಎಎಸಿ (ಎಂಪಿ3 ಥರವೇ ಕುಗ್ಗಿಸಿದ) ಫೈಲ್ ಬರುತ್ತೆ. 2003ರಲ್ಲಿ ಶುರುವಾದಾಗ 128 ಇತ್ತು, ಬೀಗವೂ ಇತ್ತು. 2009ರಿಂದ ಬೀಗ ಇಲ್ಲ. ಕೊಂಡವರ ಖಾತೆಯ ಹೆಸರು ಮಾತ್ರ ಫೈಲ್ ಒಳಗೆ ಬರೆದಿರುತ್ತೆ. ಕುಗ್ಗಿಸಿದರೂ ಸದ್ದಿನಲ್ಲಿ ಏನೂ ಕಳೆಯದ ಫ್ಲ್ಯಾಕ್ ಫೈಲ್ ಬೇಕಾದರೆ ಬೇರೆ ಅಂಗಡಿಗಳಿವೆ, ಆದರೆ ಕೆಲವು ನಿನ್ನ ಕಾರ್ಡ್ ಯಾವ ದೇಶದ್ದು ಅಂತ ನೋಡಿ ಕೊನೆಯ ಹೆಜ್ಜೆಯಲ್ಲಿ ಮಾರೋದಿಲ್ಲ ಅನ್ನುತ್ತವೆ. ಬ್ಯಾಂಡ್‌ಕ್ಯಾಂಪ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಫ್ಲ್ಯಾಕ್, ಎಂಪಿ3, ಕುಗ್ಗಿಸದ ವೇವ್ ಯಾವುದು ಬೇಕಾದರೂ ಇಳಿಸಿಕೊಳ್ಳಬಹುದು. ಅದು ಡಿಜಿಟಲ್ ಮಾರಾಟದಲ್ಲಿ 15 ಶೇಕಡಾ ಇಟ್ಟುಕೊಳ್ಳುತ್ತೆ, ಅದರ ಮೇಲೆ ಪಾವತಿ ಶುಲ್ಕ ಕಳೆದು ಉಳಿದದ್ದು ಕಲಾವಿದರಿಗೆ. ದೊಡ್ಡ ಕಂಪನಿಗಳ ಹಳೆಯ ಆಲ್ಬಮ್‌ಗಳು ಅಲ್ಲಿ ಸಾಮಾನ್ಯವಾಗಿ ಸಿಗೋದಿಲ್ಲ, ಆದರೆ ಬೋವಿಯ ದಾರಿಯಲ್ಲಿ ಇವತ್ತು ಹಾಡುತ್ತಿರುವವರನ್ನು ಅಲ್ಲೇ ಹುಡುಕು.

ಹೊರದೇಶದ ಅಂಗಡಿಯಲ್ಲಿ ಪಾವತಿ ಸೋಲೋದು ಹೆಚ್ಚಾಗಿ ನಮ್ಮ ಕಾರ್ಡ್‌ನ ಸೆಟ್ಟಿಂಗ್‌ನಿಂದ. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಬಂದ್ ಆಗಿರುತ್ತೆ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಆನ್‌ಲೈನ್ ವ್ಯವಹಾರ ಆನ್ ಮಾಡಿ, ಮಿತಿಯನ್ನು ಒಂದೆರಡು ಸಾವಿರಕ್ಕೆ ಇಟ್ಟು, ಕೊಂಡಾದ ಮೇಲೆ ಮತ್ತೆ ಆಫ್ ಮಾಡು. ಕರೆನ್ಸಿ ಬದಲಾವಣೆಗೆ ಬ್ಯಾಂಕುಗಳು ಸಾಮಾನ್ಯವಾಗಿ 2ರಿಂದ 3.5 ಶೇಕಡಾ ಹಾಕುತ್ತವೆ, ಅದರ ಮೇಲೆ ಜಿಎಸ್‌ಟಿ.

ಇನ್ನು ಗಾತ್ರ. ‘ಹೀರೋಸ್’ ಆಲ್ಬಮ್ ಸುಮಾರು 40 ನಿಮಿಷ. ಸಿಡಿ ಗುಣಮಟ್ಟದ ವೇವ್ ಆದರೆ ಹತ್ತಿರ ಹತ್ತಿರ 400 ಎಂಬಿ, ಫ್ಲ್ಯಾಕ್ ಆದರೆ ಅದರ ಅರ್ಧದಿಂದ ಮೂರನೇ ಎರಡು ಭಾಗ, 320ರ ಎಂಪಿ3 ಆದರೆ 96. 128ರ ಎಂಪಿ3 ಮಾತ್ರ ಬೇಡವೇ ಬೇಡ. ಎಂಪಿ3 ಸದ್ದನ್ನು ತುಂಡು ತುಂಡಾಗಿ ತೆಗೆದುಕೊಂಡು ಕುಗ್ಗಿಸುತ್ತೆ. ಒಂದು ತುಂಡಿನ ಕೊನೆಯಲ್ಲಿ ಡ್ರಮ್ ಏಟು ಇದ್ದರೆ, ಕುಗ್ಗಿಸುವಾಗ ಹುಟ್ಟುವ ಕಸರು ಇಡೀ ತುಂಡಿಗೆ ಹರಡುತ್ತೆ, ಏಟು ಬೀಳುವ ಮೊದಲಿನ ಮೌನಕ್ಕೂ. ಆಗ ಏಟಿಗೆ ಮುಂಚೆ ಸಣ್ಣದಾಗಿ ‘ಶ್’ ಅಂತ ಕೇಳಿಸಿ, ಏಟು ಮೊಂಡಾಗುತ್ತೆ. ‘ಲೋ’ ಕೇಳೋದಕ್ಕೆ ಇದಕ್ಕಿಂತ ಕೆಟ್ಟ ದಾರಿ ಇಲ್ಲ. ಹಾಗಂತ 24 ಬಿಟ್, 192 ಕಿಲೋಹರ್ಟ್ಜ್ ಅಂತ ದುಬಾರಿ ಫೈಲ್‌ಗೂ ದುಡ್ಡು ಸುರಿಯಬೇಡ. ಸರಿಯಾದ ಮಾಸ್ಟರ್‌ನಿಂದ ಬರುವ ವ್ಯತ್ಯಾಸ ಅದಕ್ಕಿಂತ ಎಷ್ಟೋ ದೊಡ್ಡದು.

ಫ್ಲ್ಯಾಕ್ ಅಂತ ಹೆಸರಿದ್ದ ಮಾತ್ರಕ್ಕೆ ನಂಬಬೇಡ. ಎಂಪಿ3ಯನ್ನೇ ಫ್ಲ್ಯಾಕ್ ಮಾಡಿ ಕೊಡುವವರೂ ಇದ್ದಾರೆ. ಸ್ಪೆಕ್ ಅನ್ನೋ ಉಚಿತ ತಂತ್ರಾಂಶಕ್ಕೆ ಫೈಲ್ ಎಳೆದು ಬಿಡು. ಸದ್ದಿನ ಆವರ್ತನ ಎಷ್ಟು ಮೇಲಕ್ಕೆ ಹೋಗಿದೆ ಅಂತ ತೋರಿಸುವ ಬಣ್ಣದ ಚಿತ್ರ ಬರುತ್ತೆ. 16 ಕಿಲೋಹರ್ಟ್ಜ್ ಹತ್ತಿರ ಚಾಕುವಿನಲ್ಲಿ ಕೊಯ್ದ ಹಾಗೆ ನೇರ ಗೆರೆ ಇದ್ದರೆ ಮೂಲ 128ರ ಎಂಪಿ3, 20ರ ಹತ್ತಿರ ಇದ್ದರೆ 320ರದ್ದು ಇರಬಹುದು. ಬಣ್ಣ ಮೇಲಕ್ಕೆ ಹೋಗ್ತಾ ಮೆಲ್ಲಗೆ ಮಾಸಿದರೆ ಚಿಂತೆ ಬೇಡ, ಹಳೆಯ ಟೇಪ್‌ನ ಸ್ವಭಾವವೇ ಹಾಗೆ.

ಇಳಿಸಿದ ಜಿಪ್ ಫೈಲನ್ನು ಅವತ್ತೇ ಬಿಡಿಸಿ, ಪ್ರತಿ ಹಾಡಿನ ಕೊನೆಯ ಹತ್ತು ಸೆಕೆಂಡ್ ಕೇಳು. ಅರ್ಧಕ್ಕೆ ನಿಂತ ಡೌನ್‌ಲೋಡ್ ಗೊತ್ತಾಗೋದು ಅಲ್ಲೇ. ಹೆಸರು, ವರ್ಷ ಸರಿಪಡಿಸೋದಕ್ಕೆ ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಅನ್ನೋ ತಂತ್ರಾಂಶ ಸಾಕು. 1977 ಅಂತಲೂ ಬರೆ, ಯಾವ ರೀಮಾಸ್ಟರ್ ಅಂತಲೂ ಬರೆ. ಆಮೇಲೆ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗೆ ಕಾಪಿ ಹಾಕಿ, ಒಂದನ್ನು ಊರಮನೆಯಲ್ಲಿ ಇಡು.

ಕೊನೆಯದಾಗಿ ಪ್ಲೇಯರ್. 1974ರ ‘ಡೈಮಂಡ್ ಡಾಗ್ಸ್’ ಕೊಳ್ಳೋದಾದರೆ ಬಿಡಿ ಹಾಡಾಗಿ ಕೊಳ್ಳಬೇಡ. ಅದರಲ್ಲಿ ‘ಸ್ವೀಟ್ ಥಿಂಗ್’, ‘ಕ್ಯಾಂಡಿಡೇಟ್’, ಮತ್ತೆ ‘ಸ್ವೀಟ್ ಥಿಂಗ್’ನ ಮರುಕಳಿಕೆ ಮೂರೂ ಒಂದಕ್ಕೊಂದು ಹೊಲಿದ ಹಾಗಿವೆ, ಮೂರನೆಯದರ ಕೊನೆಯ ಗದ್ದಲದಿಂದಲೇ ‘ರೆಬೆಲ್ ರೆಬೆಲ್’ ಗಿಟಾರ್ ಎದ್ದು ಬರುತ್ತೆ. ಎಂಪಿ3 ಆದರೆ ಪ್ರತಿ ಫೈಲ್‌ನ ಹಿಂದೆ ಮುಂದೆ ಚೂರು ಮೌನ ಸೇರಿರುತ್ತೆ, ಅದನ್ನು ಕಳೆಯದ ಪ್ಲೇಯರ್‌ನಲ್ಲಿ ಹೊಲಿಗೆ ಬಿಚ್ಚಿ ಹೋಗುತ್ತೆ. ಸೆಟ್ಟಿಂಗ್ಸ್‌ನಲ್ಲಿ ಗ್ಯಾಪ್‌ಲೆಸ್ (ಹಾಡುಗಳ ನಡುವೆ ಬಿಡುವು ಬಿಡದ್ದು) ಆನ್ ಮಾಡಿ, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಮೊದಲಿಗೆ ಬೆರೆಸುವುದು) ಆಫ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಆ ಜೋಡಣೆಯ ಜಾಗ ಕೇಳು. ಆಗಲೂ ಕಡಿದ ಹಾಗೆ ಕೇಳಿಸಿದರೆ ಯಾವ ಪ್ಲೇಯರ್, ಯಾವ ಫೈಲ್ ಅಂತ ಬರೆದು ಕಳಿಸು.

ಇಂತಿ,
ನಿನ್ನ ಗೆಳೆಯ